ಒಂದೊಂದೇ ಸೊರಗಿ ಸಾಯುವ ಹೇಂಟೆಗಳು: ಗಡ್ಡೆ ರೋಗದ ಅನುಮಾನ ಬಂದಾಗ ಏನು ಮಾಡಬೇಕು

ಕೊಕ್ಕರೆ ರೋಗ ಬಂದರೆ ಯಾರಿಗೂ ಹೇಳಿಕೊಡಬೇಕಾಗಿಲ್ಲ. ಬೆಳಿಗ್ಗೆ ಗೂಡಿನ ಬಾಗಿಲು ತೆಗೆದಾಗ ನಾಲ್ಕು ಬಿದ್ದಿರುತ್ತವೆ, ಸಂಜೆಯ ಹೊತ್ತಿಗೆ ಇನ್ನಾರು. ನಾನು ಇಲ್ಲಿ ಹೇಳಹೊರಟಿರುವ ರೋಗಕ್ಕೆ ಅಂಥ ಅವಸರವಿಲ್ಲ. ಇಪ್ಪತ್ತೈದು ಹೇಂಟೆಗಳಲ್ಲಿ ಒಂದು ಮೊಟ್ಟೆ ನಿಲ್ಲಿಸುತ್ತದೆ, ಜುಟ್ಟು ಬಿಳಿಚಿಕೊಳ್ಳುತ್ತದೆ, ಹದಿನೈದು ದಿನ ಮೂಲೆ ಹಿಡಿದು ಕೂತು ಸಾಯುತ್ತದೆ. ಮೂರು ವಾರ ಬಿಟ್ಟು ಇನ್ನೊಂದು. ಉಳಿದವು ಮೇಯುತ್ತಲೇ ಇರುತ್ತವೆ. ಹಾಗಾಗಿ ಇದೊಂದು ರೋಗ ಎಂದು ಯಾರಿಗೂ ಅನ್ನಿಸುವುದಿಲ್ಲ.

ಹೊಳಲ್ಕೆರೆ ಕಡೆಯ ನಮ್ಮ ತೋಟದಲ್ಲಿ ನಾಲ್ಕು ತಿಂಗಳಲ್ಲಿ ಏಳು ಹೇಂಟೆಗಳು ಹೀಗೆ ಹೋದವು. ಪೇಟೆಯ ಔಷಧಿ ಅಂಗಡಿಯಲ್ಲಿ ಲಕ್ಷಣ ಹೇಳಿದೆ. ಲಿವರ್ ಟಾನಿಕ್ ಕೊಟ್ಟರು, ಅದು ಮುಗಿದ ಮೇಲೆ ಆ್ಯಂಟಿಬಯೋಟಿಕ್ ಪುಡಿ ಕೊಟ್ಟರು. ಎಲ್ಲವನ್ನೂ ನೀರಿಗೆ ಬೆರೆಸಿದ್ದಾಯಿತು. ಏಳನೆಯದು ಸತ್ತ ದಿನ ಪಶುವೈದ್ಯರು ಅದನ್ನು ನನ್ನೆದುರೇ ಕೊಯ್ದರು. ಜವಾರಿ ಹೇಂಟೆಯ ಲಿವರ್ ಎಂದರೆ ಅಂಗೈಯಲ್ಲಿ ಹಿಡಿಸುವಂಥದ್ದು. ಇದರದ್ದು ಎದೆಗೂಡಿನಿಂದ ಹಿಡಿದು ಬಾಲದ ಬುಡದವರೆಗೂ ಹೊಟ್ಟೆಯನ್ನೆಲ್ಲ ತುಂಬಿಕೊಂಡಿತ್ತು. ಕರುಳು ಒಂದು ಮೂಲೆಗೆ ಒತ್ತರಿಸಿಕೊಂಡಿತ್ತು. ಕಂದು ಮಾಂಸದ ಮೇಲೆಲ್ಲ ಸಾಬಕ್ಕಿ ಚೆಲ್ಲಿದ ಹಾಗೆ ಬೂದು ಬಿಳಿಯ ಚುಕ್ಕೆಗಳು. ಇದಕ್ಕೆ ‘ಲಿಂಫಾಯ್ಡ್ ಲ್ಯೂಕೋಸಿಸ್’ ಎನ್ನುತ್ತಾರೆ, ಕೋಳಿಯ ರಕ್ತಕಣಗಳ ಕ್ಯಾನ್ಸರ್, ತರುವುದು ಒಂದು ರೆಟ್ರೊವೈರಸ್ ಎಂದರು. ಔಷಧಿ ಏನು ಎಂದು ಕೇಳಿದೆ. ಇಲ್ಲ ಎಂದರು. ಲಸಿಕೆ? ಅದೂ ಇಲ್ಲ.

ಹಾಗಿದ್ದರೆ ಮಾಡುವುದೇನು? ಇದೆ, ಸಾಕಷ್ಟಿದೆ. ಆದರೆ ಅದು ಸಾಯುತ್ತಿರುವ ಕೋಳಿಗೆ ಮಾಡುವುದಲ್ಲ.

ಮೊದಲ ಹೆಜ್ಜೆ: ವಯಸ್ಸು ಬರೆದಿಡಿ

ಒಂದು ನೋಟ್‌ಬುಕ್ಕಿನಲ್ಲಿ ಸತ್ತ ಪ್ರತಿ ಕೋಳಿಯ ವಯಸ್ಸು, ಅದು ಯಾವ ಹೇಂಟೆಯ ಮರಿ ಅಥವಾ ಎಲ್ಲಿಂದ ತಂದದ್ದು, ಎಷ್ಟು ದಿನ ನರಳಿತು ಎಂಬುದನ್ನು ಬರೆಯಿರಿ. ವೈದ್ಯರು ಕೇಳುವ ಮೊದಲ ಪ್ರಶ್ನೆ ವಯಸ್ಸು. ಲ್ಯೂಕೋಸಿಸ್‌ನ ಗಡ್ಡೆಗಳು ಸಾಮಾನ್ಯವಾಗಿ ಹದಿನಾಲ್ಕು ವಾರಕ್ಕಿಂತ ಮೊದಲು ಕಾಣಿಸಿಕೊಳ್ಳುವುದಿಲ್ಲ. ಮೊಟ್ಟೆಗೆ ಬರುವ ಹೊತ್ತಿನಲ್ಲಿ ಮತ್ತು ಅದರ ನಂತರ ಹೆಚ್ಚು. ಎಂಟು ಹತ್ತು ವಾರದ ಮರಿಗಳು ಕಾಲು ಎಳೆಯುತ್ತಾ ಸೊರಗುತ್ತಿದ್ದರೆ ನೀವು ಬೇರೆ ರೋಗದ ಹಿಂದೆ ಹೋಗಬೇಕು. ಅದು ಮಾರೆಕ್ಸ್. ಹಂಗೇರಿಯ ಪಶುವೈದ್ಯ ಯೋಜೆಫ್ ಮಾರೆಕ್ 1907ರಲ್ಲಿ ವಿವರಿಸಿದ ರೋಗ. ಅದರಲ್ಲೂ ಗಡ್ಡೆಗಳಾಗುತ್ತವೆ, ಆದರೆ ತರುವುದು ಹರ್ಪಿಸ್ ಗುಂಪಿನ ವೈರಸ್, ರೆಟ್ರೊವೈರಸ್ ಅಲ್ಲ. ಅದಕ್ಕೆ ಲಸಿಕೆ ಇದೆ. ಎರಡನ್ನೂ ಒಂದೇ ಎಂದುಕೊಂಡರೆ ಇರುವ ಉಪಾಯವೂ ಕೈತಪ್ಪುತ್ತದೆ.

ಎರಡನೆಯದು: ಕೋಳಿಯನ್ನು ಕೈಗೆತ್ತಿಕೊಳ್ಳಿ

ದೂರದಿಂದ ನೋಡಿದರೆ ಸೊರಗಿದ ಕೋಳಿಗಳೆಲ್ಲ ಒಂದೇ ತರಹ. ಕತ್ತಲಾದ ಮೇಲೆ, ಅದು ಮಲಗಿದ್ದಾಗ ಎತ್ತಿಕೊಳ್ಳಿ, ಗಾಬರಿಯಾಗುವುದಿಲ್ಲ. ಎದೆಯ ಮೂಳೆಯ ಎರಡೂ ಬದಿ ಬೆರಳಾಡಿಸಿ. ಮಾಂಸ ಕರಗಿ ಮೂಳೆ ಕುಡುಗೋಲಿನ ಅಲಗಿನಂತೆ ಸಿಕ್ಕಿದರೆ ರೋಗ ವಾರಗಳಿಂದ ಇದೆ ಎಂದರ್ಥ. ಅದೇ ಹೊತ್ತಿಗೆ ಹೊಟ್ಟೆ ಮಾತ್ರ ತುಂಬಿಕೊಂಡಿದ್ದು, ಪಕ್ಕೆಲುಬಿನ ಕೆಳಗೆ ಗಟ್ಟಿಯಾಗಿ ಏನೋ ಸಿಗುತ್ತಿದ್ದರೆ ಅದು ದೊಡ್ಡದಾದ ಲಿವರ್ ಇರಬಹುದು. ಒಣಗಿದ ಎದೆ, ತುಂಬಿದ ಹೊಟ್ಟೆ: ಈ ಜೋಡಿಯನ್ನು ನೆನಪಿಡಿ.

ಕಣ್ಣು ನೋಡಿ. ಪಾಪೆ ವಕ್ರವಾಗಿ, ಸುತ್ತಲಿನ ಬಣ್ಣ ಬೂದಿಗೆ ತಿರುಗಿದ್ದರೆ ಮಾರೆಕ್ಸ್. ನೆಲಕ್ಕೆ ಬಿಟ್ಟಾಗ ಒಂದು ಕಾಲು ಮುಂದೆ, ಇನ್ನೊಂದು ಹಿಂದೆ ಚಾಚಿ ಬಿದ್ದರೆ ಅದೂ ಮಾರೆಕ್ಸ್‌ನ ಗುರುತೇ. ಚರ್ಮದ ಮೇಲೆ ರಕ್ತ ತುಂಬಿದ ಸಣ್ಣ ಗುಳ್ಳೆಗಳಿದ್ದು, ಒಡೆದರೆ ರಕ್ತ ನಿಲ್ಲುತ್ತಲೇ ಇಲ್ಲ ಎಂದಾದರೆ, ಅಥವಾ ಕಾಲಿನ ಮೂಳೆ ಬೂಟು ಹಾಕಿಕೊಂಡಂತೆ ದಪ್ಪಗಾಗಿದ್ದರೆ, ಅವು ಲ್ಯೂಕೋಸಿಸ್ ವೈರಸ್‌ನ ಅಪರೂಪದ ಮುಖಗಳು. ಇವು ಯಾವುವೂ ಇಲ್ಲದೆ ಬರಿಯ ಸೊರಗುವಿಕೆ ಮಾತ್ರ ಇದ್ದರೆ ಮೊದಲು ಹಿಕ್ಕೆ ಪರೀಕ್ಷೆ ಮಾಡಿಸಿ ಜಂತುಹುಳುವಿನ ಔಷಧಿ ಕೊಡಿಸಿ. ಬಿಟ್ಟು ಮೇಯಿಸುವ ಕೋಳಿಗಳನ್ನು ಹೆಚ್ಚು ತಿನ್ನುವುದು ಕ್ಯಾನ್ಸರ್ ಅಲ್ಲ, ಹುಳು.

ಮೂರನೆಯದು: ಸತ್ತದ್ದನ್ನು ತೆರೆದು ನೋಡುವುದು

ಇದನ್ನು ವೈದ್ಯರೇ ಮಾಡಲಿ, ನೀವು ಪಕ್ಕದಲ್ಲಿ ನಿಂತು ನೋಡಿ. ಒಂದು ಎಚ್ಚರಿಕೆ ಮೊದಲೇ ಹೇಳುತ್ತೇನೆ. ಒಂದೆರಡು ದಿನದಲ್ಲಿ ಹಲವು ಕೋಳಿಗಳು ಸತ್ತಿದ್ದರೆ, ತಲೆ ಊದಿ ಜುಟ್ಟು ನೀಲಿಗಟ್ಟಿದ್ದರೆ ಕತ್ತಿ ಮುಟ್ಟಬೇಡಿ. ಹಕ್ಕಿಜ್ವರ ಇರಬಹುದು. 2020ರ ಮಾರ್ಚ್‌ನಲ್ಲಿ ಹರಿಹರ ತಾಲ್ಲೂಕಿನಲ್ಲೇ ಅದು ಕಾಣಿಸಿಕೊಂಡಿತ್ತು. ಅಂಥ ಸಮಯದಲ್ಲಿ ಹೆಣಗಳನ್ನು ಮುಟ್ಟದೆ ಪಶು ಆಸ್ಪತ್ರೆಗೆ ತಿಳಿಸಿ, ಇಲ್ಲವೇ 1962ಕ್ಕೆ ಕರೆ ಮಾಡಿ.

ನಮ್ಮ ಬಯಲುಸೀಮೆಯ ಏಪ್ರಿಲ್‌ನಲ್ಲಿ ಸತ್ತ ಕೋಳಿ ಮೂರು ನಾಲ್ಕು ಗಂಟೆಯಲ್ಲಿ ಹಸಿರುಗಟ್ಟಿ ಪರೀಕ್ಷೆಗೆ ಬಾರದಂತಾಗುತ್ತದೆ. ಮೀನು ಮಾರುವವರ ಬಳಿ ಹಳೆಯ ಥರ್ಮೋಕೋಲ್ ಪೆಟ್ಟಿಗೆ ಸಿಗುತ್ತದೆ. ಕೋಳಿಯನ್ನು ಎರಡು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ, ಸುತ್ತ ಮಂಜುಗಡ್ಡೆ ತುಂಬಿ ಒಯ್ಯಿರಿ. ಫ್ರೀಜರಿನಲ್ಲಿ ಗಟ್ಟಿ ಮಾಡಬೇಡಿ. ಹೆಪ್ಪುಗಟ್ಟಿದ ಅಂಗಾಂಶ ಸೂಕ್ಷ್ಮದರ್ಶಕದಡಿ ಹರಿದುಹೋಗಿ ಏನೂ ಹೇಳುವುದಿಲ್ಲ. ಸತ್ತದ್ದಕ್ಕಿಂತ ಸಾಯುವಂತಿರುವ ಕೋಳಿಯನ್ನು ಜೀವಂತ ಒಯ್ದರೆ ಇನ್ನೂ ಒಳ್ಳೆಯದು.

ತೆರೆದಾಗ ನೋಡಬೇಕಾದವು ನಾಲ್ಕು. ಲಿವರ್ ಹೇಗಿರುತ್ತದೆ ಎಂದು ಆಗಲೇ ಹೇಳಿದೆ. ಆರೋಗ್ಯದ ಲಿವರಿನ ಅಂಚು ಚೂಪಾಗಿರುತ್ತದೆ. ಗಡ್ಡೆಯಾದದ್ದರ ಅಂಚು ದುಂಡಗಾಗಿರುತ್ತದೆ. ಆದರೆ ದೊಡ್ಡ ಲಿವರ್ ಎಲ್ಲವೂ ಲ್ಯೂಕೋಸಿಸ್ ಅಲ್ಲ, ಇದನ್ನು ದಾವಣಗೆರೆ ಸೀಮೆಯವರಿಗೆ ಒತ್ತಿ ಹೇಳಬೇಕು. ನಮ್ಮಲ್ಲಿ ಮೆಕ್ಕೆಜೋಳಕ್ಕೆ ಬರವಿಲ್ಲ, ಬೆಳಿಗ್ಗೆ ಒಂದು ಸೇರು, ಸಂಜೆ ಒಂದು ಸೇರು ಅದನ್ನೇ ಚೆಲ್ಲುತ್ತೇವೆ. ಬರಿಯ ಮೆಕ್ಕೆಜೋಳ ತಿಂದು ಕೊಬ್ಬಿದ ಹೇಂಟೆಯ ಲಿವರ್ ಕೂಡ ದೊಡ್ಡದಾಗುತ್ತದೆ. ಅದು ಹಳದಿಯಾಗಿ, ಜಿಡ್ಡಾಗಿ, ಮುಟ್ಟಿದರೆ ಪುಡಿಯಾಗುವಂತಿರುತ್ತದೆ, ಸುತ್ತ ರಕ್ತ ಹೆಪ್ಪುಗಟ್ಟಿರುತ್ತದೆ, ಹೊಟ್ಟೆಯ ತುಂಬ ಕೊಬ್ಬು. ಅಂಥ ಹೇಂಟೆ ಸೊರಗಿ ಸಾಯುವುದಿಲ್ಲ, ಮೈತುಂಬಿಕೊಂಡೇ ದಿಢೀರನೆ ಬೀಳುತ್ತದೆ. ಅದಕ್ಕೆ ಮದ್ದು ತಿನಿಸು ಬದಲಿಸುವುದು. ಇನ್ನೊಂದು, ಹಳೆಯ ಕೋಳಿಗಳಲ್ಲಿ ಲಿವರ್, ಗುಲ್ಮ (ಸ್ಪ್ಲೀನ್), ಕರುಳಿನ ಮೇಲೆ ಗಟ್ಟಿ ಗಂಟುಗಳಿದ್ದರೆ ಕ್ಷಯವೂ ಇರಬಹುದು.

ಎರಡನೆಯದು ಗುಲ್ಮ. ಆಡುವ ಗೋಲಿಯಷ್ಟಿರಬೇಕಾದ್ದು ನಿಂಬೆಹಣ್ಣಿನಷ್ಟಾಗಿದೆಯೇ ನೋಡಿ. ಮೂರನೆಯದು ಬರ್ಸಾ. ಬಾಲದ ಬುಡದಲ್ಲಿ, ಹಿಕ್ಕೆ ಹಾಕುವ ದ್ವಾರದ ಮೇಲ್ಭಾಗಕ್ಕೆ ಅಂಟಿಕೊಂಡ ಪುಟ್ಟ ಚೀಲ ಇದು. ಮರಿಯಲ್ಲಿ ದ್ರಾಕ್ಷಿಯಂತೆ ಇರುತ್ತದೆ, ಕೋಳಿ ಪ್ರಾಯಕ್ಕೆ ಬರುತ್ತಿದ್ದಂತೆ ಕುಗ್ಗಿ ಮಾಯವಾಗುತ್ತದೆ. ಲಿಂಫಾಯ್ಡ್ ಲ್ಯೂಕೋಸಿಸ್ ಹುಟ್ಟುವುದೇ ಇಲ್ಲಿ. ಕುಗ್ಗಬೇಕಾದ ವಯಸ್ಸಿನಲ್ಲಿ ಅಲ್ಲೊಂದು ಗಟ್ಟಿ ಗಂಟು ಕಂಡರೆ ಅನುಮಾನ ಬಲವಾಗುತ್ತದೆ. ಕೋಳಿ ಕೊಯ್ಯುವ ಅವಸರದಲ್ಲಿ ಈ ಭಾಗವನ್ನು ಎಲ್ಲರೂ ಮೊದಲೇ ಕತ್ತರಿಸಿ ಎಸೆಯುತ್ತಾರೆ. ನಾನೂ ಆರು ಕೋಳಿಗಳದ್ದು ಎಸೆದಿದ್ದೆ.

ನಾಲ್ಕನೆಯದು ತೊಡೆಯ ನರ. ಒಳತೊಡೆಯ ಸ್ನಾಯುವನ್ನು ಬಿಡಿಸಿದರೆ ಬಿಳಿ ದಾರದಂತೆ ಹೊಳೆಯುವ ನರ ಸಿಗುತ್ತದೆ, ಹತ್ತಿರದಿಂದ ನೋಡಿದರೆ ಅದರ ಮೇಲೆ ಸಣ್ಣ ಅಡ್ಡಗೆರೆಗಳು. ಎರಡೂ ಕಾಲಿನದ್ದನ್ನು ಹೋಲಿಸಿ. ಒಂದು ಕಡೆಯದ್ದು ದಪ್ಪಗಾಗಿ, ಗೆರೆ ಅಳಿಸಿ, ಮಂಕು ಹಳದಿಯಾಗಿದ್ದರೆ ಮಾರೆಕ್ಸ್. ಲ್ಯೂಕೋಸಿಸ್‌ನಲ್ಲಿ ನರಕ್ಕೆ ಏನೂ ಆಗಿರುವುದಿಲ್ಲ.

ನಾಲ್ಕನೆಯ ಹೆಜ್ಜೆ: ಮಾದರಿ ಕಳಿಸುವುದು

ಕಣ್ಣಿನ ತೀರ್ಪು ಅನುಮಾನವಷ್ಟೇ. ಮಾರೆಕ್ಸ್ ಮತ್ತು ಲ್ಯೂಕೋಸಿಸ್ ಎರಡನ್ನೂ ಅಣಕಿಸುವ ಇನ್ನೊಂದು ರೆಟ್ರೊವೈರಸ್ ಇದೆ, ಅದರ ಹೆಸರು ರೆಟಿಕ್ಯುಲೋಎಂಡೋಥೀಲಿಯೋಸಿಸ್. ಬಾಯಿಪಾಠ ಮಾಡುವ ಅಗತ್ಯವಿಲ್ಲ. ಇವನ್ನು ಬೇರ್ಪಡಿಸಲು ಅಂಗಾಂಶವನ್ನು ಸೂಕ್ಷ್ಮದರ್ಶಕದಲ್ಲಿ ನೋಡಬೇಕು. ದಾವಣಗೆರೆಯವರಿಗೆ ಶಿವಮೊಗ್ಗದ ಪಶುವೈದ್ಯಕೀಯ ಕಾಲೇಜು ಹತ್ತಿರ. ಚಿತ್ರದುರ್ಗ, ಹಿರಿಯೂರಿನವರಿಗೆ ಹೆದ್ದಾರಿ ಹಿಡಿದರೆ ಬೆಂಗಳೂರಿನ ಹೆಬ್ಬಾಳದಲ್ಲಿರುವ ಪಶು ಆರೋಗ್ಯ ಮತ್ತು ಜೈವಿಕ ಸಂಸ್ಥೆಯೂ ಸಲೀಸು. ನಿಮ್ಮ ತಾಲ್ಲೂಕಿನ ವೈದ್ಯರ ಪತ್ರದೊಂದಿಗೆ, ಮೊದಲೇ ಕರೆ ಮಾಡಿ ಕೇಳಿಕೊಂಡು ಹೋಗಿ.

ಲಿವರ್, ಗುಲ್ಮ, ಬರ್ಸಾ, ನರ ಇವುಗಳ ತುಣುಕುಗಳು ಅರ್ಧ ಸೆಂಟಿಮೀಟರಿಗಿಂತ ದಪ್ಪ ಇರಬಾರದು. ಒಂದು ಪಾಲು ಫಾರ್ಮಲಿನ್‌ಗೆ ಒಂಬತ್ತು ಪಾಲು ನೀರು ಬೆರೆಸಿದ ದ್ರಾವಣದಲ್ಲಿ, ಮಾಂಸದ ಹತ್ತರಷ್ಟು ದ್ರಾವಣ ಇರುವಂತೆ, ಅಗಲ ಬಾಯಿಯ ಡಬ್ಬಿಯಲ್ಲಿ ಹಾಕಬೇಕು. ಫಾರ್ಮಲಿನ್ ವಿಷ, ವೈದ್ಯರೇ ಬೆರೆಸಿಕೊಡಲಿ, ಮಕ್ಕಳ ಕೈಗೆ ಸಿಗದಿರಲಿ. ವೈರಸ್ಸನ್ನೇ ಹುಡುಕುವ ಪಿಸಿಆರ್ ಪರೀಕ್ಷೆಗಾದರೆ ಬೇರೆ ತುಣುಕನ್ನು ಫಾರ್ಮಲಿನ್ ಇಲ್ಲದೆ ಮಂಜುಗಡ್ಡೆಯಲ್ಲಿ ಒಯ್ಯಬೇಕು.

ಲ್ಯೂಕೋಸಿಸ್ ವೈರಸ್‌ನ ಪಿ27 ಎಂಬ ಪ್ರೋಟೀನನ್ನು ಹಿಡಿಯುವ ಎಲೈಸಾ ಪರೀಕ್ಷೆಯೂ ಇದೆ. ಮೊಟ್ಟೆಯ ಬಿಳಿ ಲೋಳೆಯಲ್ಲೇ ಅದನ್ನು ನೋಡಬಹುದು, ಕೋಳಿಯನ್ನು ಮುಟ್ಟುವುದೇ ಬೇಡ. ಆದರೆ ಈ ವರದಿಯನ್ನು ಓದುವಾಗ ನಿಧಾನ. ವೈರಸ್ ಹೊತ್ತ ಕೋಳಿಗಳಲ್ಲಿ ಗಡ್ಡೆಯಾಗುವುದು ಕೆಲವಕ್ಕೆ ಮಾತ್ರ. ಹಾಗೆಯೇ ಇದೇ ವೈರಸ್‌ನ ‘ಇ’ ಎಂಬ ನಿರುಪದ್ರವಿ ಗುಂಪು ಕೋಳಿಯ ವಂಶವಾಹಿಯಲ್ಲೇ ಸೇರಿಹೋಗಿರುತ್ತದೆ, ಅದೂ ಈ ಪರೀಕ್ಷೆಯಲ್ಲಿ ಪಾಸಿಟಿವ್ ತೋರಿಸಬಹುದು. ಪಾಸಿಟಿವ್ ಎಂದ ಕೂಡಲೇ ಎಲ್ಲವನ್ನೂ ಕೊಯ್ದು ಹಾಕಿದರೆ ನಷ್ಟ ನಿಮಗೇ.

ನಡುವೆ ಒಂದು ಮಾತು: ಮದ್ದು ಏಕಿಲ್ಲ?

ಇದನ್ನು ನನಗೆ ವೈದ್ಯರು ಪಹಣಿಯ ಹೋಲಿಕೆ ಕೊಟ್ಟು ಹೇಳಿದರು. ಸಾಧಾರಣ ವೈರಸ್ ಹೊಲಕ್ಕೆ ನುಗ್ಗಿದ ದನದಂತೆ, ಮೇಯ್ದು ಹೋಗುತ್ತದೆ. ರೆಟ್ರೊವೈರಸ್ ತಾಲ್ಲೂಕು ಕಚೇರಿಗೆ ಹೋಗಿ ಪಹಣಿಯಲ್ಲೇ ತನ್ನ ಹೆಸರು ಸೇರಿಸಿಬಿಡುತ್ತದೆ. ಜೀವಕೋಶದಲ್ಲಿ ಬರಹ ಡಿಎನ್‌ಎಯಿಂದ ಆರ್‌ಎನ್‌ಎಗೆ ಹೋಗುವುದು ವಾಡಿಕೆ. ಇದು ತಿರುಗಾಮುರುಗಾ ತನ್ನ ಆರ್‌ಎನ್‌ಎಯನ್ನು ಡಿಎನ್‌ಎಯಾಗಿ ಬರೆದು ಕೋಳಿಯ ಡಿಎನ್‌ಎಗೆ ಹೊಲಿಯುತ್ತದೆ. ಆ ಕೋಶ ಎರಡಾದಾಗಲೆಲ್ಲ ಆ ಸಾಲೂ ನಕಲಾಗುತ್ತದೆ. ಎಲ್ಲೋ ಒಂದು ಕೋಶದಲ್ಲಿ ಅದು ಬೆಳವಣಿಗೆ ನಿಯಂತ್ರಿಸುವ ‘ಮಿಕ್’ ಎಂಬ ಜೀನಿನ ಪಕ್ಕಕ್ಕೆ ಹೋಗಿ ಕೂತರೆ ಆ ಜೀನು ಹದ್ದು ಮೀರುತ್ತದೆ, ಗಡ್ಡೆ ಶುರುವಾಗುತ್ತದೆ. ಈ ಅಕಸ್ಮಾತ್ ನಡೆದು, ಬೆಳೆದು, ಕಣ್ಣಿಗೆ ಬೀಳಲು ತಿಂಗಳುಗಳು ಬೇಕು. ಹದಿನಾಲ್ಕು ವಾರದ ಲೆಕ್ಕ ಬಂದದ್ದು ಇದರಿಂದಲೇ.

ಇದನ್ನೆಲ್ಲ ಜಗತ್ತು ಕಲಿತದ್ದು ಕೋಳಿಯಿಂದ. ಕೋಪನ್‌ಹೇಗನ್ನಿನಲ್ಲಿ ಎಲರ್ಮನ್ ಮತ್ತು ಬಾಂಗ್ ಎಂಬಿಬ್ಬರು 1908ರಲ್ಲಿ ಕೋಳಿಯ ರಕ್ತಕ್ಯಾನ್ಸರ್ ಸೋಸಿದ ದ್ರವದಿಂದ ಹರಡುತ್ತದೆ ಎಂದು ತೋರಿಸಿದರು. ಮರುವರ್ಷ ನ್ಯೂಯಾರ್ಕಿನ ರಾಕ್‌ಫೆಲರ್ ಸಂಸ್ಥೆಗೆ ರೈತರೊಬ್ಬರ ಪ್ಲಿಮತ್ ರಾಕ್ ತಳಿಯ ಹೇಂಟೆಯೊಂದು ಬಂತು, ಎದೆಯ ಮೇಲೆ ಗಡ್ಡೆ. ಪೇಟನ್ ರೌಸ್ ಆ ಗಡ್ಡೆಯನ್ನು ಅರೆದು, ಜೀವಕೋಶವೂ ಬ್ಯಾಕ್ಟೀರಿಯವೂ ದಾಟದ ಸೋಸುಕದಲ್ಲಿ ಸೋಸಿ ಬೇರೆ ಕೋಳಿಗಳಿಗೆ ಚುಚ್ಚಿದರು. ಅವಕ್ಕೂ ಗಡ್ಡೆ ಬಂತು. 1911ರ ಈ ಕೆಲಸವನ್ನು ಬಹುಕಾಲ ಯಾರೂ ಮೂಸಲಿಲ್ಲ. ನೊಬೆಲ್ ಬಂದದ್ದು 1966ರಲ್ಲಿ, ಅವರಿಗೆ ಎಂಬತ್ತೇಳು ವರ್ಷವಾದಾಗ. ಆ ವೈರಸ್ಸಿನ ಬೆನ್ನುಹತ್ತಿದ ಟೆಮಿನ್, ಇಲಿಯ ವೈರಸ್ ಹಿಡಿದ ಬಾಲ್ಟಿಮೋರ್ 1970ರಲ್ಲಿ ತಿರುಗುಬರಹದ ಕಿಣ್ವವನ್ನು ಕಂಡುಹಿಡಿದರು. 1976ರಲ್ಲಿ ಬಿಷಪ್ ಮತ್ತು ವಾರ್ಮಸ್ ತಂಡ ಇನ್ನೂ ವಿಚಿತ್ರವಾದದ್ದನ್ನು ತೋರಿಸಿತು: ರೌಸ್ ವೈರಸ್ ಹೊತ್ತು ತಿರುಗುವ ಕ್ಯಾನ್ಸರ್ ಜೀನು ಮೂಲದಲ್ಲಿ ಕೋಳಿಯದ್ದೇ, ವೈರಸ್ ಯಾವತ್ತೋ ಕದ್ದೊಯ್ದದ್ದು. ರೈತರ ಒಂದು ಹೇಂಟೆಯಿಂದ ಇಷ್ಟೆಲ್ಲ. ಆ ಹೇಂಟೆ ಬದುಕಲಿಲ್ಲ ಎಂಬುದನ್ನೂ ಹೇಳಬೇಕು.

ಐದನೆಯದು: ಕಾವಿಗೆ ಯಾವ ಮೊಟ್ಟೆ?

ಎಲ್ಲಕ್ಕಿಂತ ದೊಡ್ಡ ಕೆಲಸ ಇದು. ಈ ವೈರಸ್ ಮೊಟ್ಟೆಯೊಳಗಿಂದಲೇ ಮರಿಗೆ ಹೋಗುತ್ತದೆ. ತಾಯಿಯ ಅಂಡನಾಳದಿಂದ ಬಿಳಿ ಲೋಳೆಗೆ, ಅಲ್ಲಿಂದ ಭ್ರೂಣಕ್ಕೆ. ಹಾಗೆ ಹುಟ್ಟಿದ ಮರಿಯ ಮೈ ವೈರಸ್ಸನ್ನು ತನ್ನದೇ ಎಂದುಕೊಳ್ಳುತ್ತದೆ, ಹೋರಾಡುವುದಿಲ್ಲ, ಬದುಕಿರುವಷ್ಟು ದಿನ ಹಿಕ್ಕೆ ಜೊಲ್ಲಿನಲ್ಲಿ ಹರಡುತ್ತದೆ, ಹೇಂಟೆಯಾದರೆ ತನ್ನ ಮೊಟ್ಟೆಗೂ ಇಳಿಸುತ್ತದೆ. ಹುಂಜದಿಂದ ಮೊಟ್ಟೆಯೊಳಕ್ಕೆ ಹೀಗೆ ಇಳಿಯುವುದಿಲ್ಲ. ಅದು ಜೊತೆಯ ಹೇಂಟೆಗಳಿಗೆ ಅಂಟಿಸಬಹುದು. ತಳಿ ಸಾಕುವ ದೊಡ್ಡ ಕಂಪನಿಗಳು ಈ ರೋಗವನ್ನು ಹತ್ತಿಕ್ಕಿರುವುದು ಔಷಧಿಯಿಂದಲ್ಲ. ತಾಯಿಕೋಳಿಗಳ ಮೊಟ್ಟೆ ಪರೀಕ್ಷಿಸಿ, ವೈರಸ್ ಇಳಿಸುವ ಹೇಂಟೆಗಳನ್ನು ತಲೆಮಾರಿನಿಂದ ತಲೆಮಾರಿಗೆ ತೆಗೆದುಹಾಕುತ್ತಾ ಬಂದಿರುವುದರಿಂದ.

ನಮ್ಮ ಹಿತ್ತಲಿನಲ್ಲಿ ಅದರ ಬಡವರ ರೂಪ ಹೀಗೆ. ಪ್ರತಿ ಹೇಂಟೆಯ ಕಾಲಿಗೆ ಬಣ್ಣದ ಪ್ಲಾಸ್ಟಿಕ್ ಬಳೆ ಹಾಕಿ. ಯಾವ ಹೇಂಟೆಯ ಮಕ್ಕಳಲ್ಲಿ ಎರಡು ಗಡ್ಡೆಯಿಂದ ಸತ್ತವೋ ಅದರ ಮತ್ತು ಅದರ ಹೆಣ್ಣುಮಕ್ಕಳ ಮೊಟ್ಟೆ ಕಾವಿಗೆ ಬೇಡ. ಎರಡು ವರ್ಷ ದಾಟಿ, ತಾನೂ ಗಟ್ಟಿಯಾಗಿ ಮಕ್ಕಳೂ ಗಟ್ಟಿಯಾಗಿರುವ ಹೇಂಟೆಯನ್ನು ಆರಿಸಿ. ನಾವು ಮಾಡುವುದು ಇದರ ತದ್ವಿರುದ್ಧ: ಹಳೆಯದನ್ನು ಹಬ್ಬಕ್ಕೆ ಕೊಯ್ದು, ಎಳೆ ಹೇಂಟೆ ಮೊದಲ ಸಲ ಇಟ್ಟ ಮೊಟ್ಟೆಯನ್ನು ಕಾವಿಗೆ ಹಾಕುತ್ತೇವೆ.

ಆರನೆಯದು: ಮೊದಲ ಆರು ವಾರ

ಮರಿ ಎಷ್ಟು ಎಳೆಯದೋ ಸೋಂಕು ಅಷ್ಟು ಕೆಟ್ಟದ್ದು. ಬೆಳೆದ ಮೇಲೆ ತಗುಲಿದರೆ ಹೆಚ್ಚಿನವು ತಾವೇ ಹೋರಾಡಿ ಗೆಲ್ಲುತ್ತವೆ. ಆದ್ದರಿಂದ ಮರಿಗಳನ್ನು ಕನಿಷ್ಠ ಆರು ವಾರ ದೊಡ್ಡ ಕೋಳಿಗಳಿಂದ ದೂರ, ಸಣ್ಣ ಸಣ್ಣ ಗುಂಪಾಗಿ ಸಾಕಿ. ಬೇರೆ ಬೇರೆ ಹೇಂಟೆಯ ಮರಿಗಳನ್ನು ಒಂದೇ ಮಂಕರಿಯಲ್ಲಿ ಬೆರೆಸಬೇಡಿ, ಸಂತೆಯಿಂದ ತಂದ ಮರಿಗಳನ್ನಂತೂ ಬೇಡವೇ ಬೇಡ. ಲಸಿಕೆ ಚುಚ್ಚುವಾಗ ಒಂದೇ ಸೂಜಿಯನ್ನು ಎಲ್ಲಕ್ಕೂ ಬಳಸಿದರೆ ಒಂದರ ರಕ್ತ ಇನ್ನೊಂದಕ್ಕೆ ಹೋಗುತ್ತದೆ. ಪ್ರತಿ ಗುಂಪಿಗೂ ಸೂಜಿ ಬದಲಿಸಲು ಹೇಳಿ.

ಗೂಡು ಶುಚಿ ಮಾಡುವ ವಿಷಯದಲ್ಲಿ ಮಾತ್ರ ಈ ವೈರಸ್ ನಮಗೆ ಸ್ವಲ್ಪ ದಯೆ ತೋರುತ್ತದೆ. ಕೊಬ್ಬಿನ ಹೊದಿಕೆ ಇರುವುದರಿಂದ ಸೋಪಿನ ನೀರಿಗೂ ಸಾಯುತ್ತದೆ, ಮೈಯಿಂದ ಹೊರಬಿದ್ದರೆ ನಮ್ಮ ಸೆಕೆಯಲ್ಲಿ ಗಂಟೆಗಳ ಲೆಕ್ಕ. ಹಳೆಯ ಹೊಟ್ಟು, ಶೇಂಗಾ ಸಿಪ್ಪೆಯ ಹಾಸು ತೆಗೆದು, ತೊಳೆದು, ಸುಣ್ಣ ಬಳಿದು, ನಾಲ್ಕು ದಿನ ಬಿಸಿಲಿಗೆ ಬಿಟ್ಟರೆ ಸಾಕು. ಮಾರೆಕ್ಸ್ ಹಾಗಲ್ಲ, ಪುಕ್ಕದ ಧೂಳಿನಲ್ಲಿ ತಿಂಗಳುಗಟ್ಟಲೆ ಬದುಕಿರುತ್ತದೆ. ಅದರ ಲಸಿಕೆಯನ್ನು ಮರಿ ಹುಟ್ಟಿದ ದಿನವೇ ಕತ್ತಿನ ಚರ್ಮದಡಿ ಕೊಡಬೇಕು. ಗಿರಿರಾಜ, ಸ್ವರ್ಣಧಾರ ಮರಿ ತರುವಾಗ ಅದು ಆಗಿದೆಯೇ ಎಂದು ಕೇಳಿ. ಮರಿ ತರುವ ಮುನ್ನ ದಾವಣಗೆರೆಯ ತರಳಬಾಳು ಕೃಷಿ ವಿಜ್ಞಾನ ಕೇಂದ್ರ ಅಥವಾ ಹಿರಿಯೂರಿನ ಬಬ್ಬೂರು ಫಾರಂನ ಕೇಂದ್ರದಲ್ಲಿ ವಿಚಾರಿಸುವುದು ಒಳ್ಳೆಯದು.

ತಿನ್ನಬಹುದೇ?

ಮನೆಯಲ್ಲಿ ಎಲ್ಲರೂ ಕೇಳುವ ಪ್ರಶ್ನೆ. ಕೋಳಿಯ ಲ್ಯೂಕೋಸಿಸ್ ವೈರಸ್ ಮನುಷ್ಯರಿಗೆ ರೋಗ ತಂದಿರುವುದಕ್ಕೆ ಪುರಾವೆ ಇಲ್ಲ. ಆರೋಗ್ಯವಾಗಿರುವ ಹೇಂಟೆಯ ಮೊಟ್ಟೆಯನ್ನು ಬೇಯಿಸಿ ತಿನ್ನಲು ಹೆದರಬೇಕಿಲ್ಲ. ಸೊರಗಿದ್ದನ್ನು, ಗಡ್ಡೆಯಿರುವುದನ್ನು ಮಾತ್ರ ತಿನ್ನಬೇಡಿ, ಮಾರಲೂಬೇಡಿ. ಅದರಲ್ಲಿ ಇನ್ನೇನು ಸೇರಿಕೊಂಡಿದೆಯೋ ಹೇಳಲಾಗದು. ಮೂರು ನಾಲ್ಕು ಅಡಿ ಗುಂಡಿ ತೋಡಿ, ಸುಣ್ಣ ಹಾಕಿ, ನಾಯಿ ಕೆದರದಂತೆ ಮೇಲೆ ಕಲ್ಲು ಹೇರಿ.

ನಮ್ಮಲ್ಲಿ ಈಗ ಹದಿನೆಂಟು ಹೇಂಟೆಗಳಿವೆ. ಐದಕ್ಕೆ ಕೆಂಪು ಬಳೆ, ಅವುಗಳ ಮೊಟ್ಟೆ ನೇರ ಅಡುಗೆಮನೆಗೆ. ಪಕ್ಕದ ತೋಟದ ಅಜ್ಜಿ ಕಾವಿಗೆ ಹತ್ತು ಮೊಟ್ಟೆ ಕೇಳಿ ಮೊನ್ನೆ ಬಂದಿದ್ದರು. ಬುಟ್ಟಿಯಲ್ಲಿ ಬೆರೆತಿದ್ದವು, ಯಾವುದು ಯಾರದ್ದೆಂದು ಗೊತ್ತಾಗಲಿಲ್ಲ. ನಾಲ್ಕು ದಿನ ಬಿಟ್ಟು ಬನ್ನಿ ಅಜ್ಜಿ, ಹಸಿರು ಬಳೆಯವನ್ನೇ ಬೇರೆ ಕೂಡಿಸಿಡುತ್ತೇನೆ ಎಂದೆ. ಮೊಟ್ಟೆಗೂ ಜಾತಿ ನೋಡುತ್ತೀಯೇನಪ್ಪ ಎಂದು ಗೊಣಗಿಕೊಂಡೇ ಹೋದರು. ಅವರ ಪಾಲಿನವು ಇವತ್ತಿಗೆ ಏಳಾಗಿವೆ.